ಸೇವ್ ಆಗದ ಮುಖ

ಸ್ಟುಡಿಯೋ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಯಾವ ಸಾಫ್ಟ್‌ವೇರ್ ಒಳ್ಳೆಯದು, ಯಾವ ಕ್ಯಾಮೆರಾ ತೆಗೆದುಕೊಳ್ಳಲಿ ಎಂದು ಕೇಳುತ್ತಾರೆ. ಪರದೆಯ ಮೇಲೆ ಕಂಡದ್ದು ಫೈಲಿನೊಳಗೆ ನಿಜವಾಗಿ ಇಳಿದಿದೆಯೇ ಎಂದು ತಿಳಿಯುವುದು ಹೇಗೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ. ನಾನು ಕೇಳದೆ ಹೋದ ಕಾರಣಕ್ಕೆ ಹಳ್ಳಿಮೈಸೂರಿನ ಹತ್ತಿರದ ಊರೊಂದರ ಒಬ್ಬ ಹೆಣ್ಣುಮಗಳು ಹೆತ್ತ ತಾಯಿಯ ಮುಖದ ಗುರುತು ಇಲ್ಲದವಳು ಎನ್ನಿಸಿಕೊಂಡು ವರ್ಷಗಟ್ಟಲೆ ಬದುಕಿದಳು. ಅವಳು ಹೇಳಿದ್ದೇ ನಿಜ, ಸುಳ್ಳು ಹೇಳಿದವನು ನಾನು. ಅದನ್ನು ಬರೆದಿಡುವುದಕ್ಕೇ ಕೂತಿದ್ದೇನೆ. ನಡುವೆ ಕಸುಬಿನ ನಾಲ್ಕು ಮಾತು ಬಂದರೆ ಅದು ನಿಮ್ಮ ಲಾಭ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹಾಸನದ ಬಸ್ ಸ್ಟಾಂಡ್ ಹತ್ತಿರ ಮಹಡಿಯ ಮೇಲಿದ್ದ ಒಂದು ಸ್ಟುಡಿಯೋದಲ್ಲಿ ಕತ್ತಲೆ ಕೋಣೆಯಿಂದ ಶುರುಮಾಡಿದೆ. ಓನರ್ ರಾಜಣ್ಣ ಕಂಪ್ಯೂಟರ್ ತಂದ ದಿನ ಅದಕ್ಕೆ ಪೂಜೆ ಮಾಡಿ, ನಿಂಬೆಹಣ್ಣು ಕೊಯ್ದು, ಅಂಗಡಿಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ ನನ್ನನ್ನು ಅದರ ಮುಂದೆ ಕೂರಿಸಿದರು. ಒಂದು ತಿಂಗಳಿಗೆ ನಾನು ಕಂಪ್ಯೂಟರ್ ಪುಟ್ಟಸ್ವಾಮಿ ಆದೆ. ಆ ಹೆಸರು ತಲೆಗೆ ಏರಿದ ಮೇಲೆ ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಬಾಯೇ ಬರಲಿಲ್ಲ.

ರಾಜಣ್ಣನವರಿಗೆ ಫೋಟೋ ತೆಗೆಯಲು ಬರುತ್ತಿತ್ತು, ಅಷ್ಟು ಒಪ್ಪಬೇಕು. ಉಳಿದದ್ದೆಲ್ಲ ಬಾಯಿ. ಸತ್ತವರ ಫೋಟೋ ದೊಡ್ಡದು ಮಾಡಿಸಲು ಯಾರಾದರೂ ಬಂದರೆ, ಮುಖ ಮಾತ್ರ ಇಟ್ಟುಕೊಂಡು ಕೆಳಗೆ ಕೋಟೋ ರೇಷ್ಮೆ ಸೀರೆಯೋ ಅಂಟಿಸಿ, ಹಿಂದೆ ಅರಮನೆಯ ಪರದೆ ಇಳಿಸಿ ಕೊಡುವುದು ಅವರ ಪದ್ಧತಿ. ಒಂದೇ ಕೋಟನ್ನು ಎಷ್ಟು ಜನ ಗೌಡರು ಸತ್ತ ಮೇಲೆ ತೊಟ್ಟರೋ ಲೆಕ್ಕವಿಲ್ಲ. ಹೊಳೆನರಸೀಪುರದ ಒಂದೇ ಬೀದಿಯ ಎರಡು ಮನೆಯಲ್ಲಿ ಅದೇ ಕೋಟು, ಅದೇ ಟೈ, ಅದೇ ಮಡಿಕೆ ನೇತಾಡುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ನೆಂಟರು ಬಂದವರು ‘ಇಬ್ರೂ ಒಂದೇ ಟೈಲರ್ ತಾವ ಹೊಲಿಸಿದ್ರಾ’ ಎಂದು ಕೇಳಿದರಂತೆ. ಮನೆಯವರು ಹೌದು ಅಂದರಂತೆ.

ಕೀಬೋರ್ಡಿನ ಬಲಗಡೆ ಮೇಲುಸಾಲಿನಲ್ಲಿ ಪ್ರಿಂಟ್ ಸ್ಕ್ರೀನ್ ಎಂಬ ಗುಂಡಿಯಿದೆ. ಒತ್ತಿದರೆ ಸದ್ದಿಲ್ಲ, ಬೆಳಕಿಲ್ಲ. ಪೇಂಟ್ ಎಂಬ ಚಿತ್ರದ ಪ್ರೋಗ್ರಾಂ ತೆರೆದು ಪೇಸ್ಟ್ ಕೊಟ್ಟರೆ ಪರದೆಯಲ್ಲಿದ್ದದ್ದೆಲ್ಲ ಚಿತ್ರವಾಗಿ ಬಂದು ಕೂರುತ್ತದೆ. ಇದನ್ನು ನಾನೇ ಕಂಡುಹಿಡಿದೆ ಎನ್ನುವಷ್ಟು ಜಂಬ ನನಗೆ. ರಿಸಲ್ಟ್ ದಿನ ಮಕ್ಕಳ ಅಂಕಪಟ್ಟಿಯನ್ನು ಹೀಗೆ ಹಿಡಿದು ಪ್ರಿಂಟ್ ಹಾಕಿ ಕೊಟ್ಟರೆ ಜನ ಕೈ ಮುಗಿಯುತ್ತಿದ್ದರು. ಆದರೆ ಸೇವ್ ಮಾಡುವಾಗ ಕೆಳಗೊಂದು ಪಟ್ಟಿ ತೆರೆದು ಯಾವ ಬಗೆಯ ಫೈಲು ಎಂದು ಅದು ಕೇಳುತ್ತದಲ್ಲ, ಅಲ್ಲಿ ನಾನು ಕಣ್ಣುಮುಚ್ಚಿ ಒತ್ತುತ್ತಿದ್ದೆ. ಬಿಎಂಪಿ ಇದ್ದದ್ದನ್ನು ಇದ್ದ ಹಾಗೇ ಇಡುತ್ತದೆ, ಭಾರ ಹೆಚ್ಚು. ಜೆಪೆಗ್ ಹಿಂಡಿ ಇಡುತ್ತದೆ, ತಿದ್ದಿ ತಿದ್ದಿ ಸೇವ್ ಮಾಡಿದಷ್ಟೂ ಸವೆಯುತ್ತದೆ. ಜಿಫ್ ಬಣ್ಣಗಳನ್ನು ಕಿತ್ತುಹಾಕಿ ಕೆಲವನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಗೆರೆ ಚಿತ್ರಕ್ಕೆ ಸರಿ, ಮುಖಕ್ಕಲ್ಲ. ಪಿಎನ್‌ಜಿ ಆಮೇಲೆ ಬಂತು, ಏನನ್ನೂ ಕಳೆಯದೆ ಮಡಿಸಿ ಇಡುತ್ತದೆ. ಇಷ್ಟು ತಿಳಿಯಲು ಅರ್ಧ ದಿನ ಸಾಕು. ನಾನು ಹತ್ತಾರು ಜನರ ಮುಖ ಕೆಡಿಸಿ ಕಲಿತೆ.

ಚನ್ನರಾಯಪಟ್ಟಣದ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಮಗಳ ಸಂಬಂಧಕ್ಕೆ ಕೊಡುವ ಫೋಟೋ ಮಾಡಿಸಿಕೊಂಡು ಹೋದರು. ಅದನ್ನು ನಾನು ಜಿಫ್ ಆಗಿ ಸೇವ್ ಮಾಡಿ ಪ್ರಿಂಟಿಗೆ ಕೊಟ್ಟಿದ್ದೆ. ಆ ಹುಡುಗಿಯ ಕೆನ್ನೆಯಲ್ಲಿದ್ದ ಸಣ್ಣ ಸಣ್ಣ ಬಣ್ಣಗಳೆಲ್ಲ ಹೋಗಿ ಬಿಳಿಚಿದ ತೇಪೆಗಳು ಉಳಿದವು. ಹದಿನೈದು ದಿನದಲ್ಲಿ ಅಪ್ಪ ಮಗಳು ಇಬ್ಬರೂ ಮೆಟ್ಟಿಲು ಹತ್ತಿ ಬಂದರು.

‘ಏನ್ ಸಾ ಇದು, ಗಂಡಿನ ಕಡೇರು ಮಗೀಗೆ ತೊನ್ನು ಅದಾ ಅಂತ ಕೇಳವ್ರೆ.’

ಹುಡುಗಿ ಅಪ್ಪನಿಗಿಂತ ಗಟ್ಟಿ. ‘ಇಲ್ಲಿ ಬಿಸ್ಲಿಗೆ ಬನ್ನಿ ಸಾ. ನೋಡ್ಬುಟ್ಟು ಹೇಳಿ, ಎಲ್ಲದೆ ಮಚ್ಚೆ?’

ಕಿಟಕಿಯ ಹತ್ತಿರ ಹೋಗಿ ನೋಡಿದೆ. ತೊಳೆದಿಟ್ಟ ಹಾಗಿದ್ದ ಮುಖ. ‘ಪ್ರಿಂಟರ್ ಇಂಕು ಕೆಟ್ಟದಮ್ಮ’ ಎಂದೆ. ರಾಜಣ್ಣ ಒಳಗಿನಿಂದಲೇ ‘ಡೂಪ್ಲಿಕೇಟ್ ಇಂಕು ಕಳಿಸ್ತಾರೆ ಕಣಮ್ಮ ಬೆಂಗಳೂರ್ನೋರು’ ಎಂದು ದನಿಗೂಡಿಸಿದರು. ಇಂಕಿಗೆ ಬಾಯಿಲ್ಲ, ಬೆಂಗಳೂರಿನವರಿಗೆ ನಮ್ಮ ಮಾತು ಕೇಳಿಸುವುದಿಲ್ಲ. ಹುಡುಗಿ ಹೊಸ ಪ್ರಿಂಟನ್ನು ತಿರುಗಿಸಿ ನೋಡಿ, ‘ಈಗ ಇಂಕು ಸರಿಯಾಯ್ತಾ’ ಎಂದು ನನ್ನ ಮುಖ ನೋಡಿ ಕೇಳಿದಳು. ಅವಳಿಗೆ ತಿಳಿದಿತ್ತು. ತಪ್ಪು ನಮ್ಮದಾದರೆ ಅಲ್ಲಿಲ್ಲದವರ ಮೇಲೆ ಹೇರುವುದು ನಮ್ಮ ಅಂಗಡಿಯಲ್ಲಿ ಹಾಗೆ ರೂಢಿಯಾಯಿತು.

ಇನ್ನು ನಾನು ಹೇಳಲು ಕೂತ ವಿಷಯ.

ಹಳ್ಳಿಮೈಸೂರಿನ ಹತ್ತಿರದ ಊರಿನವರ ಮನೆಯ ಮದುವೆ, ಹೊಳೆನರಸೀಪುರದ ಛತ್ರದಲ್ಲಿ ಆಯಿತು. ಹುಡುಗಿಯ ಹೆಸರು ಸಾವಿತ್ರಿ. ವಿಡಿಯೋ ನಮ್ಮದೇ. ಹುಡುಗಿಯ ತಾಯಿ ನಿಂಗಮ್ಮ ಗಂಡನನ್ನು ಕಳೆದುಕೊಂಡವರಾದ್ದರಿಂದ ಧಾರೆಗೆ ನಿಲ್ಲಲಿಲ್ಲ. ಅವರ ತಂಗಿ ಲಕ್ಕಮ್ಮ ಮತ್ತು ಆಕೆಯ ಗಂಡ ನಿಂತು ಧಾರೆ ಎರೆದುಕೊಟ್ಟರು. ಹಾಗಾಗಿ ವಿಡಿಯೋದ ತುಂಬ ಲಕ್ಕಮ್ಮನೇ. ತಾಯಿ ಎಲ್ಲೋ ಒಳಗೆ, ಅಡುಗೆಯವರ ಹಿಂದೆ.

ಮದುವೆಯ ವಿಡಿಯೋ ಎಡಿಟ್ ಆಗುವ ಮೊದಲೇ ನಿಂಗಮ್ಮ ತೀರಿಹೋದರು. ಸಾವಿತ್ರಿ, ಅವಳ ಅಣ್ಣ ಮಂಜಣ್ಣ ಇಬ್ಬರೂ ಒಂದು ಬೆಳಗ್ಗೆ ಅಂಗಡಿಗೆ ಬಂದರು. ತಿಥಿಗೆ ಇಡಲು ಒಂದು ಪಟವಿಲ್ಲ. ಆಕೆ ಜನ್ಮದಲ್ಲಿ ಫೋಟೋಕ್ಕೆ ನಿಂತವರಲ್ಲ.

‘ಊಟದ ಆಲ್‌ನಾಗೆ ನಮ್ಮವ್ವನ ಮೇಲೆ ಒಂದ್ಸಲ ಲೈಟ್ ಬಿಟ್ಟಿದ್ರಿ ಸಾ,’ ಎಂದಳು ಸಾವಿತ್ರಿ. ‘ನಾ ನೋಡಿವ್ನಿ. ನಕ್ಕಂಡು ಓಡೋದ್ಲು.’

ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸಿದ್ದ ವಿಡಿಯೋವನ್ನು ಓಡಿಸಿದೆ. ಇತ್ತು. ಅಡುಗೆಮನೆಯ ಬಾಗಿಲಲ್ಲಿ ಒಂದು ಉಸಿರಿನಷ್ಟು ಹೊತ್ತು. ಅಲ್ಲಿ ನಿಲ್ಲಿಸಿದೆ. ಪ್ರಿಂಟ್ ಸ್ಕ್ರೀನ್ ಒತ್ತಿದೆ, ಪೇಂಟಿನಲ್ಲಿ ಪೇಸ್ಟ್ ಕೊಟ್ಟೆ. ಪೇಂಟಿನೊಳಗೆ ನಿಂಗಮ್ಮ ಬಂದರು.

‘ನೋಡಮ್ಮ, ಫೋಟೋ ಆಯ್ತು’ ಎಂದೆ.

ಸಾವಿತ್ರಿ ಮಾನಿಟರಿನ ಗಾಜನ್ನು ಬೆರಳಿನಿಂದ ಮುಟ್ಟಿದಳು. ‘ನೋಡಣ್ಣಯ್ಯ, ಕಿವಿ’ ಎಂದಳು. ನಿಂಗಮ್ಮನ ಎಡಕಿವಿಯ ಹಾಲೆ ಓಲೆಯ ಭಾರಕ್ಕೋ ಏನೋ ಯಾವಾಗಲೋ ಹರಿದು ಎರಡಾಗಿತ್ತು. ಅಣ್ಣ ತಲೆಯಾಡಿಸಿ ಕಣ್ಣೊರೆಸಿಕೊಂಡ.

ನಾನು ಬಿಎಂಪಿ ಎಂದು ಸೇವ್ ಮಾಡಿದೆ. ಇದಕ್ಕಾದರೂ ಒಳ್ಳೆಯ ಫೈಲು ಇರಲಿ ಎಂದು. ಆಗ ಒಂದು ವಿಚಿತ್ರ ನಡೆಯಿತು. ಪೇಂಟಿನ ಚಿತ್ರವನ್ನು ಮೇಲೆ ಕೆಳಗೆ ಸರಿಸಿದಾಗ ಚೌಕಟ್ಟು ಸರಿಯಿತು, ಮುಖ ಮಾತ್ರ ಇದ್ದಲ್ಲೇ ನಿಂತಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ಏಕೆಂದು ಯೋಚಿಸಲಿಲ್ಲ. ಎದುರಿಗೆ ಜನ ಕೂತಿದ್ದರು, ನಾನು ಕಂಪ್ಯೂಟರ್ ಪುಟ್ಟಸ್ವಾಮಿ.

ಅವರು ಹೋದ ಮೇಲೆ ರಾಜಣ್ಣ ಬಂದರು.

‘ಲೇ ಪುಟ್ಸಾಮಿ, ನಾಳೆ ಅರಕಲಗೂಡು ಮದ್ವೆಗೆ ಕ್ಯಾಸೆಟ್ ಕೊಡು ಕಣ್ಲಾ.’

‘ಇದ್ರಲ್ಲಿ ಹಳ್ಳಿಮೈಸೂರ್ ಕಡೇರ ಊಟದ್ದು ಅದೆ ಯಜಮಾನ್ರೆ.’

‘ಉಣ್ಣೋದ್ನ ಯಾವನ್ಲಾ ನೋಡ್ತಾನೆ? ಧಾರೆ, ಆರತಕ್ಷತೆ ಇದ್ರೆ ಸಾಕು. ಆ ಯಮ್ಮನ ಫೋಟೋ ಆಯ್ತಲ್ಲ?’

‘ಆಯ್ತು.’

ಒಂದೇ ಕ್ಯಾಸೆಟ್ಟಿನ ಮೇಲೆ ಮದುವೆಯ ಮೇಲೆ ಮದುವೆ ಬರೆಯುವುದು ಆಗಿನ ಎಲ್ಲ ಸಣ್ಣ ಸ್ಟುಡಿಯೋಗಳ ಜಿಪುಣತನ. ನಾನು ಕ್ಯಾಸೆಟ್ ಕೊಟ್ಟೆ. ಡಿಸ್ಕ್ ತುಂಬಿತ್ತು ಎಂದು ಊಟದ ವಿಡಿಯೋವನ್ನೂ ಅಳಿಸಿದೆ. ಮರುದಿನ ಅರಕಲಗೂಡಿನಲ್ಲಿ ಮುಹೂರ್ತ ಮುಗಿದು, ನಿಂಗಮ್ಮ ನಕ್ಕ ಜಾಗದ ಮೇಲೆ ಯಾರೋ ಮಂತ್ರಾಕ್ಷತೆ ಹಾಕಿಸಿಕೊಂಡಾದ ಮೇಲೆ, ಮುಖ ತಿದ್ದೋಣವೆಂದು ನಾನು ಬಿಎಂಪಿ ತೆರೆದೆ. ವಿಡಿಯೋ ಓಡಿಸುವ ಪ್ಲೇಯರಿನ ಅಂಚು ಇತ್ತು, ಕೆಳಗಿನ ಗುಂಡಿಗಳಿದ್ದವು, ಮೂಲೆಯಲ್ಲಿ ಗಡಿಯಾರವಿತ್ತು. ನಡುವೆ ಕಪ್ಪು ಚೌಕ.

ಆಗಿನ ಕಂಪ್ಯೂಟರಿನಲ್ಲಿ ವಿಡಿಯೋ ಉಳಿದ ಚಿತ್ರಗಳ ಹಾಗೆ ಪರದೆಗೆ ಬರುತ್ತಿರಲಿಲ್ಲ. ಗೋಡೆಯಲ್ಲಿ ಕಿಂಡಿ ಕೊರೆದು ಆಚೆಯಿಂದ ಮುಖ ತೋರಿಸಿದ ಹಾಗೆ, ಪರದೆಯಲ್ಲಿ ಒಂದು ಕಪ್ಪು ಕಿಂಡಿ ಬಿಟ್ಟು ಅದರ ಹಿಂದಿನಿಂದ ಕಾಣಿಸುತ್ತಿತ್ತು. ಪ್ರಿಂಟ್ ಸ್ಕ್ರೀನ್ ಹಿಡಿದದ್ದು ಬರೀ ಕಿಂಡಿಯನ್ನು. ಅದೇ ಕಪ್ಪನ್ನು ಪೇಂಟಿನಲ್ಲಿ ಅಂಟಿಸಿದಾಗ, ಹಿಂದೆ ಇನ್ನೂ ನಿಂತಿದ್ದ ವಿಡಿಯೋ ಅಲ್ಲಿಂದಲೂ ಇಣುಕಿತು. ನಾವು ಮೂವರೂ ನೋಡಿದ್ದು ಅದನ್ನು. ಪ್ಲೇಯರ್ ಮುಚ್ಚಿದ ಕೂಡಲೇ ಮುಖ ಹೋಯಿತು. ಸೇವ್ ಮಾಡಿದ ಮೇಲೆ ಎಲ್ಲವನ್ನೂ ಮುಚ್ಚಿ ಒಂದು ಸಲ ಫೈಲು ತೆರೆದಿದ್ದರೆ, ಕ್ಯಾಸೆಟ್ ಕೈಯಲ್ಲೇ ಇರುತ್ತಿತ್ತು. ಹೊಸಬರು ಈ ಪುಟದಿಂದ ಒಂದೇ ಮಾತು ಒಯ್ಯುವುದಾದರೆ ಇದನ್ನು ಒಯ್ಯಿರಿ. ಎಲ್ಲ ಮುಚ್ಚಿ, ಮತ್ತೆ ತೆರೆದು ನೋಡಿ, ಆಮೇಲೆ ಮೂಲವನ್ನು ಅಳಿಸಿ.

ಇಲ್ಲಿಯವರೆಗಿನದು ತಿಳಿಗೇಡಿತನ, ಅದನ್ನು ಕ್ಷಮಿಸಬಹುದು. ಮುಂದಿನದನ್ನು ತಿಳಿದೇ ಮಾಡಿದೆ.

ರಾಜಣ್ಣನವರಿಗೆ ಹೇಳಿದೆ. ಅವರು ಎಲೆಅಡಿಕೆ ಅಗಿಯುತ್ತಲೇ, ‘ತಂಗಿ ಇದ್ದಾಳಲ್ಲ ಧಾರೆಲಿ, ಒಂದೇ ಅಚ್ಚು. ಅವಳ್ನೇ ಹಾಕು’ ಎಂದರು. ನಾನು ಬೇಡ ಅನ್ನಲಿಲ್ಲ. ವಿಡಿಯೋ ಆ ಕಿಂಡಿಯಿಂದ ಬರದ ಹಾಗೆ ಪ್ಲೇಯರಿನ ಸೆಟಿಂಗ್ ಬದಲಿಸಿ, ಈ ಸಲ ಸರಿಯಾಗಿ, ಲಕ್ಕಮ್ಮನ ಮುಖವನ್ನು ಹಿಡಿದೆ. ಬದುಕಿ ಬಾಳುತ್ತಿದ್ದ ಮುತ್ತೈದೆ. ಅವರ ಹಣೆಯ ಕುಂಕುಮವನ್ನು ಪಕ್ಕದ ಚರ್ಮದ ಬಣ್ಣ ತಂದು ಮುಚ್ಚಿದೆ. ಮೂಗುಬೊಟ್ಟು ಅಳಿಸಿದೆ. ಕತ್ತಿನ ಕೆಳಗೆ ಅಂಗಡಿಯ ಸೀರೆ ಅಂಟಿಸಿದೆ. ಗುರುತು ಸ್ವಲ್ಪ ಮಸುಕಾಗಲಿ ಎಂದು ಬೇಕೆಂದೇ ಜೆಪೆಗ್‌ನಲ್ಲಿ ಅತಿ ಕಡಿಮೆ ಗುಣಮಟ್ಟಕ್ಕೆ ಇಳಿಸಿ, ತೆರೆದು, ಮತ್ತೆ ಸೇವ್ ಮಾಡಿ, ಮತ್ತೆ ತೆರೆದು ಸವೆಸಿದೆ. ಜೆಪೆಗ್ ಸವೆಯುತ್ತದೆ ಎಂಬ ನನ್ನ ಜ್ಞಾನ ನೆಟ್ಟಗೆ ಕೆಲಸಕ್ಕೆ ಬಂದದ್ದು ಅದೊಂದೇ ಸಲ.

ಪಟ ತೆಗೆದುಕೊಳ್ಳಲು ಬಂದಾಗ ಸಾವಿತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

‘ಇದು ನಮ್ಮವ್ವ ಅಲ್ಲ.’

‘ಅವ್ವನೇ ಕಣಮ್ಮ,’ ಎಂದ ಮಂಜಣ್ಣ.

‘ಕಿವಿ ನೋಡಣ್ಣಯ್ಯ. ಎಲ್ಲಿ ಹರ್ದದೆ?’

ಮಂಜಣ್ಣ ನನ್ನ ಕಡೆ ತಿರುಗಿದ. ‘ಕಂಪ್ಯೂಟರ್ನಾಗೆ ಸರಿ ಮಾಡವ್ರೆ. ಅಲ್ವಾ ಸಾ?’

ನಾನು ಬಾಯಿ ಬಿಡುವ ಮೊದಲೇ ಅವನು ದಾರಿ ತೋರಿಸಿಕೊಟ್ಟಿದ್ದ. ‘ಹೌದಮ್ಮ,’ ಎಂದೆ. ‘ಪೂಜೆಗಿಡೋ ಪಟ, ಹರಿದ ಕಿವಿ ಚೆಂದ ಕಾಣಲ್ಲ ಅಂತ ನಾನೇ ತಿದ್ದಿದೆ.’

ಅವಳು ನನ್ನನ್ನು ನೋಡಿದಳು. ‘ನಗ್ತಿದ್ಲಲ್ಲ ಸಾ. ಅದ್ನೂ ತಿದ್ದಿದ್ರಾ?’

‘ಹೂಂ’ ಎಂದೆ.

ಪಟ ಹೋಯಿತು, ತಿಥಿ ಆಯಿತು, ಹಾರ ಬಿತ್ತು. ನಾನು ಬೇರೆ ಕೆಲಸದಲ್ಲಿ ಮುಳುಗಿದೆ. ಕೆಲವು ವರ್ಷದ ಮೇಲೆ ಮಂಜಣ್ಣ ಮಗುವಿನ ಹೆಸರಿಡುವ ಕಾರ್ಡಿಗೆಂದು ಬಂದ. ತಂಗಿ ಚೆನ್ನಾಗಿದ್ದಾಳಾ ಎಂದು ಕೇಳಿದೆ.

‘ಅವ್ಳ ಸುದ್ದಿ ಬುಡಿ ಸಾ. ಮನೆಗೆ ಬಂದ್ರೆ ಅವ್ವನ ಪಟಕ್ಕೆ ಒಂದು ಹೂವು ಇಡಾಕಿಲ್ಲ, ಕೈ ಮುಗಿಯಾಕಿಲ್ಲ. ಊರೋರ ಮುಂದೆ ಇದು ನಮ್ಮವ್ವ ಅಲ್ಲ ಅಂತಾಳೆ. ಸಂಕಟಕ್ಕೆ ತಲೆ ಕೆಟ್ಟದೆ ಅಂತ ತಾಯ್ತ ಕಟ್ಟಿಸ್ಕಂಡ್ ಬಂದೊ. ಅದ್ನೂ ಕಿತ್ತೆಸೆದ್ಲು. ಈಗ ಗೌರಿಬಾಗ್ನನೂ ನಿಲ್ಸಿವ್ನಿ.’

ಗೌರಿಹಬ್ಬಕ್ಕೆ ತವರಿನ ಬಾಗಿನ ನಿಂತಿತೆಂದರೆ ಆ ಹೆಣ್ಣಿಗೆ ತವರೇ ನಿಂತ ಹಾಗೆ. ಆಗಲಾದರೂ ನಾನು ಹೇಳಬಹುದಿತ್ತು. ಕಾರ್ಡಿನ ಅಂಚಿಗೆ ಯಾವ ಬಣ್ಣ ಬೇಕು ಎಂದು ಕೇಳಿದೆ.

ಆಮೇಲೆ ಕಸುಬು ಬದಲಾಯಿತು ಎನ್ನುತ್ತಾರೆ. ಕ್ಯಾಸೆಟ್ ಹೋಯಿತು, ಕತ್ತಲೆ ಕೋಣೆ ಗೋದಾಮಾಯಿತು. ಈಗ ಎಲ್ಲರ ಕೈಯಲ್ಲೂ ಫೋನು, ಎರಡು ಗುಂಡಿ ಒತ್ತಿದರೆ ಸ್ಕ್ರೀನ್‌ಶಾಟ್. ಅದನ್ನು ಒಬ್ಬರಿಗೆ ಕಳಿಸುವುದು, ಅವರು ಅದರದ್ದೇ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೆ ಕಳಿಸುವುದು, ಕೊನೆಗೆ ಅದು ಪುಡಿಯಾಗಿ ನಮ್ಮ ಅಂಗಡಿಗೆ ಬಂದು ಬೀಳುವುದು. ನಾನು ಕೆಲಸ ಬಿಡುವ ಮುಂಚೆ ಅರಕಲಗೂಡಿನ ಒಬ್ಬ ಲೀಡರಿನ ಹುಟ್ಟುಹಬ್ಬದ ಫ್ಲೆಕ್ಸಿಗೆ ಅವರ ಹಿಂಬಾಲಕರು ಇಂಥದ್ದೇ ಒಂದನ್ನು ಕಳಿಸಿದರು. ‘ಬಸ್ ಸ್ಟಾಂಡ್ ಅಗಲ ಮಾಡಿ ಸಾ’ ಎಂದರು. ಅಂಗಡಿಯಲ್ಲಿದ್ದ ಡಿಪ್ಲೊಮಾ ಮಾಡಿದ ಆಪರೇಟರ್ ಅದನ್ನು ಹಾಗೇ ಎಳೆದು ಮುದ್ರಿಸಿದ. ಲೀಡರಿನ ಮೂಗು ಹೆಂಚು ಹೊದಿಸಿದ ಹಾಗಾಯಿತು. ಅದಕ್ಕಿಂತ ಹೆಚ್ಚಾಗಿ, ಅವರ ತಲೆಯ ಮೇಲೆ ಫೋನಿನ ಬ್ಯಾಟರಿ ಗುರುತು ಕೆಂಪಗೆ, ಖಾಲಿಯಾಗುತ್ತಿರುವ ಹಾಗೆ, ಆಳೆತ್ತರಕ್ಕೆ ಬಂದಿತ್ತು. ಅಣ್ಣನ ಚಾರ್ಜು ಮುಗಿಯಿತು ಎಂದು ಎದುರು ಪಾರ್ಟಿಯವರು ಅದರ ಫೋಟೋ ತೆಗೆದು ಹಂಚಿದರು. ಆಪರೇಟರ್ ‘ಅವ್ರು ಕಳಿಸಿದ್ದೇ ಹಂಗೆ’ ಎಂದ. ಅವನ ಮೇಲೆ ರೇಗಲು ಹೋಗಿ ಸುಮ್ಮನಾದೆ. ಆ ಮಾತು ಅವನು ನಮ್ಮ ಅಂಗಡಿಯಲ್ಲೇ ಕಲಿತದ್ದು.

ಕೆಲಸ ಬಿಟ್ಟ ಮೇಲೆ, ವಿಚಾರಿಸಿಕೊಂಡು, ಚನ್ನರಾಯಪಟ್ಟಣದ ಹತ್ತಿರ ಸಾವಿತ್ರಿಯ ಗಂಡನ ಊರಿಗೆ ಹೋದೆ. ಅವಳು ರಾಗಿ ಕೇರುತ್ತಿದ್ದಳು. ತಲೆಯಲ್ಲಿ ಬಿಳಿಕೂದಲು. ಹೇಳಬೇಕಾದದ್ದನ್ನು ನಿಂತೇ ಹೇಳಿದೆ, ಕಪ್ಪು ಚೌಕದಿಂದ ಕುಂಕುಮದವರೆಗೆ. ಅವಳು ಮೊರ ಕೆಳಗಿಟ್ಟಳು.

‘ನಂಗೆ ಹೇಳಿ ಏನ್ ಬಂತು? ನಂಗೊತ್ತಿರೋದೇ. ಅಲ್ಬಂದು ಹೇಳಿ, ಅವ್ರ ಮುಂದೆ.’

ಅಂದೇ ಬಸ್ಸು ಹತ್ತಿದೆವು. ಹೊಳೆನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯಲ್ಲಿ ಅವಳು ಅಣ್ಣನಿಗೆ ಫೋನಿನಲ್ಲಿ ‘ಚಿಕ್ಕವ್ವನ್ನೂ ಕರಸು’ ಎಂದಳು.

ಮಂಜಣ್ಣನ ಮನೆಯ ನಡುಮನೆಯಲ್ಲಿ ಆ ಪಟವಿತ್ತು, ಪ್ಲಾಸ್ಟಿಕ್ ಹಾರದೊಳಗೆ. ಲಕ್ಕಮ್ಮ ಅದರ ಕೆಳಗೇ ಚಾಪೆಯ ಮೇಲೆ ಕೂತಿದ್ದರು. ಮುಪ್ಪಾಗಿದ್ದರು, ಹಣೆಯಲ್ಲಿ ಕಾಸಿನಗಲ ಕುಂಕುಮ. ಎಲ್ಲರ ಮುಂದೆ ಎರಡನೆಯ ಸಲ ಹೇಳಿದೆ. ಮಂಜಣ್ಣ ಪಟವನ್ನು ನೋಡಿದ, ಚಿಕ್ಕವ್ವನನ್ನು ನೋಡಿದ, ಆಮೇಲೆ ನೆಲ ನೋಡಿದ.

‘ನಂಗೊತ್ತಿತ್ತು,’ ಎಂದರು ಲಕ್ಕಮ್ಮ.

ಸಾವಿತ್ರಿ ಅವರ ಕಡೆ ತಿರುಗಿದಳು. ‘ಗೊತ್ತಿದ್ದೂ ಸುಮ್ನಿದ್ಯಾ? ನಂಗೆ ತಾಯ್ತ ಕಟ್ದಾಗ್ಲೂ?’

‘ತಿಥಿ ದಿನ ನೋಡ್ದೆ ಕಣವ್ವ. ಜನ ಕುಂತಿದ್ರು, ಎಡೆ ಇಟ್ಟಿದ್ರು. ಧಾರೇಲಿ ಅಕ್ಕನ್ ಜಾಗ್ದಲ್ಲಿ ನಾನ್ ನಿಂತ್ಕಂಡೆ, ಇಲ್ಲೂ ನಾನೇ ನಿಂತ್ಕಂಡೆ ಅಂದ್ಕಂಡೆ. ಅಮ್ಯಾಕೆ ಹೇಳಕ್ಕೆ ಹೆದ್ರಿಕೆ ಆಯ್ತು. ಬದ್ಕಿರೋಳ್ಗೆ ಹಾರ ಹಾಕವ್ರೆ, ಕುಂಕ್ಮ ಅಳ್ಸವ್ರೆ ಅಂತ ನಿಮ್ ಚಿಕ್ಕಪ್ಪಂಗೆ ಎಂಗ್ ಹೇಳ್ಲಿ? ದಿನಾ ಬೆಳಗಾದ್ರೆ ಆವಯ್ಯಂಗೆ ಉಸ್ರು ಅದಾ ಅಂತ ಮೊದ್ಲು ನೋಡ್ತಿದ್ದೆ.’

ಅದನ್ನು ಕೇಳುವವರೆಗೆ ನಾನು ಒಬ್ಬಳಿಗೆ ಮಾತ್ರ ದ್ರೋಹ ಮಾಡಿದೆ ಎಂದುಕೊಂಡಿದ್ದೆ.

ಸಾವಿತ್ರಿ ಸ್ಟೂಲ್ ಎಳೆದು ಹತ್ತಿ ಪಟ ಇಳಿಸಿದಳು. ಹಾರ ತೆಗೆದಳು. ಸೆರಗಿನಿಂದ ಗಾಜು ಒರೆಸಿ, ದೇವರ ಗೂಡಿನಿಂದ ಕುಂಕುಮ ತಂದು, ನಾನು ಅಳಿಸಿದ್ದ ಜಾಗಕ್ಕೆ ಗಾಜಿನ ಮೇಲೆ ಒತ್ತಿದಳು. ‘ತಕ್ಕೋ ಚಿಕ್ಕವ್ವ, ನಿನ್ ಪಟ’ ಎಂದು ಲಕ್ಕಮ್ಮನ ಮಡಿಲಲ್ಲಿಟ್ಟಳು. ಆಕೆ ಅದನ್ನು ಬೋರಲು ಹಾಕಿಕೊಂಡು ಕೂತರು.

‘ಈ ಸಲ ಬಾಗ್ನ ತರ್ತೀನಿ ಕಣವ್ವ,’ ಎಂದ ಮಂಜಣ್ಣ, ತಲೆ ಎತ್ತದೆ.

‘ತಗಬಾ, ನೋಡನ,’ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಕಂಪ್ಯೂಟರ್ನಾಗೆ ಕೊನೇಗೆ ನೋಡ್ದೋರು ನೀವು. ನಾ ಅಳ್ತಿದ್ದೆ, ಕಣ್ ತುಂಬ ನೋಡಕ್ಕಾಗ್ನಿಲ್ಲ. ಎಂಗಿದ್ಲು ಹೇಳಿ, ನಮ್ಮವ್ವ.’

ನಾನು ನೆನೆಸಿಕೊಂಡೆ. ನನಗೆ ನೆನಪಿದ್ದದ್ದು ಸೇವ್ ಮಾಡುವ ಸಣ್ಣ ಕಿಟಕಿ. ಅದು ತೆರೆದು ಆಕೆಯ ಮುಖಕ್ಕೆ ಅಡ್ಡ ಕೂತಿತ್ತು. ಯಾವ ಬಗೆಯ ಫೈಲು ಎಂಬ ಪಟ್ಟಿ ನೆನಪಿದೆ, ಅದರಲ್ಲಿ ನಾನು ಆರಿಸಿದ ಬಿಎಂಪಿ ನೆನಪಿದೆ. ಆ ಪಟ್ಟಿಯ ಹಿಂದಿನ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

‘ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು,’ ಎಂದೆ. ‘ಅಷ್ಟೇ ಗೊತ್ತು.’

‘ಕಿವಿ?’

‘ಹರಿದಿತ್ತಮ್ಮ.’

ಅವಳು ಅಣ್ಣನ ಕಡೆ ಒಮ್ಮೆ ನೋಡಿದಳು. ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟಳು.

‘ಊಟದ್ ಹೊತ್ತು. ಮನೆಗ್ ಬಂದೋರ್ನ ಉಣ್ಣಕ್ ಏಳಿ ಅನ್ಬೇಕು, ನಮ್ಮವ್ವ ಇದ್ದಿದ್ರೆ ಅಂತಿದ್ಲು. ನಂಗೆ ಬಾಯ್ ಬರಾಕಿಲ್ಲ. ನೀರು ಕುಡ್ಕಂಡ್ ಓಗಿ.’

ಕುಡಿದು, ಚೊಂಬನ್ನು ನಾನೇ ತೊಳೆದಿಟ್ಟು, ಹೊರಗೆ ಬಂದೆ.